ರೂಟರ್ ಓಡುತ್ತಿದೆ, ಒಳಗೆ ಹೋಗಲು ಬಾಗಿಲಿಲ್ಲ: ನಿರ್ವಹಣಾ ಪೋರ್ಟ್‌ಗಳ ಕಾವಲಿಗೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ರಾತ್ರಿ, ನಾನು ನೋಡಿಕೊಳ್ಳುತ್ತಿದ್ದ ವಿದ್ಯಾಸಂಸ್ಥೆಯೊಂದರ ರೂಟರ್‌ಗೆ ಮನೆಯಿಂದ ಲಾಗಿನ್ ಆಗಲು ಕುಳಿತೆ. ಪಿಂಗ್ ಮಾಡಿದರೆ ಉತ್ತರ ಬರುತ್ತಿತ್ತು. ಹಾಸ್ಟೆಲಿನ ಹುಡುಗರು ಆರಾಮವಾಗಿ ಕ್ರಿಕೆಟ್ ನೋಡುತ್ತಿದ್ದರು. ಟೆಲ್ನೆಟ್ (ದೂರದಿಂದ ಲಾಗಿನ್ ಆಗುವ ಹಳೆಯ ವಿಧಾನ) ಮಾಡಿದಾಗ ಮಾತ್ರ ‘ಸಂಪರ್ಕ ನಿರಾಕರಿಸಲಾಗಿದೆ’ ಎಂಬ ಒಂದೇ ಸಾಲು. ಪಾಸ್‌ವರ್ಡ್ ಕೇಳುವಷ್ಟು ಸೌಜನ್ಯವನ್ನೂ ಅದು ತೋರಲಿಲ್ಲ.

ಸ್ಕೂಟರ್ ಹತ್ತಿ ಹೋದೆ. ರೂಟರ್‌ಗೆ ನೇರವಾಗಿ ಚುಚ್ಚುವ ಕನ್ಸೋಲ್ ಕೇಬಲ್ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು; ಕೊನೆಗೆ ಅದು ಸಿಕ್ಕಿದ್ದು ಲೆಕ್ಕಪತ್ರ ವಿಭಾಗದ ಮೇಜಿನ ಡ್ರಾಯರ್‌ನಲ್ಲಿ. ಆ ತಿಳಿನೀಲಿ ಕೇಬಲ್‌ನ ಇನ್ನೊಂದು ತುದಿಯಲ್ಲಿದ್ದದ್ದು ಹಳೆಯ ಕಾಲದ 9 ಪಿನ್ನಿನ ಸೀರಿಯಲ್ ಕನೆಕ್ಟರ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಕೂರುವ ಜಾಗವೇ ಇಲ್ಲ. ಭಾನುವಾರ ಮಧ್ಯಾಹ್ನ ಅಂಗಡಿ ತೆರೆಸಿ ಯುಎಸ್‌ಬಿ ಪರಿವರ್ತಕ ತಂದು, ಕನ್ಸೋಲ್‌ನಲ್ಲಿ ‘ಶೋ ಲೈನ್’ ಎಂದು ಒತ್ತಿದಾಗ ವಿಷಯ ಕಣ್ಣೆದುರಿಗೆ ಬಂತು. ದೂರದಿಂದ ಲಾಗಿನ್ ಆಗಲು ರೂಟರ್ ಇಟ್ಟುಕೊಂಡಿದ್ದದ್ದು ಐದೇ ಸಾಲು. ಐದರ ಮುಂದೆಯೂ ನಕ್ಷತ್ರ ಚಿಹ್ನೆ. ಯಾರೋ ಐದು ಸಂಪರ್ಕ ತೆರೆದು, ಪಾಸ್‌ವರ್ಡ್ ಕೇಳುವ ಹಂತದಲ್ಲಿ ಸುಮ್ಮನೆ ಕುಳಿತಿದ್ದರು. ಒಂದು ಬಿದ್ದುಹೋದರೆ ತಕ್ಷಣ ಇನ್ನೊಂದು ಬರುತ್ತಿತ್ತು. ಅವರಿಗೆ ಪಾಸ್‌ವರ್ಡ್ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಕ್ಷೌರದಂಗಡಿಯ ಐದು ಕುರ್ಚಿಗಳಲ್ಲಿ ಕ್ಷೌರ ಬೇಡದ ಐವರು ಕುಳಿತರೆ ಆರನೆಯವನು ಹೊರಗೇ ನಿಲ್ಲಬೇಕು, ಅಷ್ಟೆ. ತಪ್ಪು ಪೂರ್ತಿ ನನ್ನದೇ.

ಈ ಬರಹ ಆ ತಪ್ಪು ಮಾಡದಿರಲು ಬೇಕಾದ ಕೆಲಸಗಳನ್ನು ಹಂತ ಹಂತವಾಗಿ ಹೇಳುತ್ತದೆ. ಸಣ್ಣ ಕಾಲೇಜು, ಸಹಕಾರಿ ಬ್ಯಾಂಕ್, ಕೇಬಲ್ ಇಂಟರ್‌ನೆಟ್ ನಡೆಸುವವರು, ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುವ ಕಚೇರಿಗಳ ಐಟಿ ಸಿಬ್ಬಂದಿ, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಸಿಸ್ಕೋ ರೂಟರ್‌ಗಳ ತಂತ್ರಾಂಶವಾದ ಐಒಎಸ್‌ನವು, ಅಲ್ಲಲ್ಲಿ ಮೈಕ್ರೋಟಿಕ್ ಕಂಪನಿಯ ರೂಟರ್‌ಗಳವು. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಒತ್ತುವಾಗ ಇಂಗ್ಲಿಷ್ ಕಾಗುಣಿತವನ್ನೇ ಒತ್ತಬೇಕು.

ಮೊದಲು ರೋಗ ಯಾವುದೆಂದು ತಿಳಿಯೋಣ

ರೂಟರ್‌ಗೆ ಎರಡು ಬಗೆಯ ಕೆಲಸ. ಒಂದು, ತನ್ನ ಮೂಲಕ ಹಾದುಹೋಗುವ ಪ್ಯಾಕೆಟ್‌ಗಳನ್ನು ಮುಂದಕ್ಕೆ ದಾಟಿಸುವುದು. ಇನ್ನೊಂದು, ತನಗೇ ಬಂದ ಪ್ಯಾಕೆಟ್‌ಗಳಿಗೆ ಉತ್ತರ ಕೊಡುವುದು: ಲಾಗಿನ್, ವೆಬ್ ಪುಟ, ಎಸ್‌ಎನ್‌ಎಂಪಿ (ದೂರದಿಂದ ನಿಗಾ ಇಡುವ ವ್ಯವಸ್ಥೆ), ರೂಟಿಂಗ್ ಪ್ರೋಟೋಕಾಲ್ (ರೂಟರ್‌ಗಳು ದಾರಿ ಹಂಚಿಕೊಳ್ಳುವ ಭಾಷೆ). ಇಂಥ ಸೇವೆಗಳ ಸಂಖ್ಯೆಯಿಟ್ಟ ಬಾಗಿಲುಗಳೇ ಪೋರ್ಟ್‌ಗಳು. ದೊಡ್ಡ ರೂಟರ್‌ಗಳಲ್ಲಿ ಮೊದಲ ಕೆಲಸಕ್ಕೆ ಬೇರೆಯೇ ಚಿಪ್ ಇರುತ್ತದೆ. ಎರಡನೆಯದು ಬೀಳುವುದು ಸಾಮಾನ್ಯ ಸಿಪಿಯು ಮೇಲೆ, ಅದೂ ಅಷ್ಟೇನೂ ಬಲವಾದದ್ದಲ್ಲ. ಹಾಗಾಗಿಯೇ ಮೊದಲನೆಯದು ಸಲೀಸಾಗಿ ನಡೆಯುತ್ತಿರುವಾಗ ಎರಡನೆಯದು ಸತ್ತಿರಬಹುದು. ಬಳಕೆದಾರರಿಂದ ದೂರು ಬರುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ತುರ್ತಾಗಿ ಏನೋ ಬದಲಿಸಬೇಕಾದ ದಿನ.

ಇದರ ಶುದ್ಧ ಮಾದರಿ 2004ರದ್ದು. ಆ ವರ್ಷದ ಆಗಸ್ಟ್ 27ರಂದು ಸಿಸ್ಕೋ ತನ್ನ ಐಒಎಸ್ ತಂತ್ರಾಂಶದ ಒಂದು ದೋಷವನ್ನು ಪ್ರಕಟಿಸಿತು. ಅದರ ಗುರುತಿನ ಸಂಖ್ಯೆ ಸಿವಿಇ-2004-1464. ಟೆಲ್ನೆಟ್ ಅಥವಾ ರಿವರ್ಸ್ ಟೆಲ್ನೆಟ್ (ರೂಟರ್‌ಗೆ ಜೋಡಿಸಿದ ಬೇರೆ ಸಾಧನಕ್ಕೆ ಅದರ ಮೂಲಕ ಹೋಗುವ ದಾರಿ) ಪೋರ್ಟ್‌ಗೆ ವಿಶೇಷವಾಗಿ ಹೆಣೆದ ಒಂದು ಟಿಸಿಪಿ ಸಂಪರ್ಕ ಬಂದರೆ ಸಾಕು, ಅಲ್ಲಿಂದಾಚೆಗೆ ಹೊಸ ಟೆಲ್ನೆಟ್, ಎಸ್‌ಎಸ್‌ಎಚ್ (ಗೂಢಲಿಪಿಯ ಸುರಕ್ಷಿತ ಲಾಗಿನ್), ಆರ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ಹಳೆಯ ವಿಧಾನ) ಸಂಪರ್ಕಗಳೆಲ್ಲ ಬಂದ್; ಕೆಲವು ಸಂದರ್ಭಗಳಲ್ಲಿ ವೆಬ್ ಪುಟವೂ ಬಂದ್. ಆಗಲೇ ಒಳಗಿದ್ದವರ ಸಂಪರ್ಕಕ್ಕೆ ಏನೂ ಆಗುತ್ತಿರಲಿಲ್ಲ, ಪ್ಯಾಕೆಟ್ ದಾಟಿಸುವ ಕೆಲಸವೂ ನಿಲ್ಲುತ್ತಿರಲಿಲ್ಲ. ಹೊಸಬರಿಗೆ ಮಾತ್ರ ಪ್ರವೇಶವಿಲ್ಲ. ಪೆಟ್ಟು ಬೀಳುವುದು ಲಾಗಿನ್‌ಗೂ ಮೊದಲು, ಹಾಗಾಗಿ 20 ಅಕ್ಷರದ ಪಾಸ್‌ವರ್ಡ್ ಇಟ್ಟವನಿಗೂ ‘ಅಡ್ಮಿನ್’ ಎಂದಿಟ್ಟವನಿಗೂ ಒಂದೇ ಗತಿ.

ಹಳೆಯ ಕಥೆ ಎಂದು ತಳ್ಳಿಹಾಕುವವರಿಗೆ ಇನ್ನೊಂದು ದಿನಾಂಕ: 2023ರ ಮೇ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ, ದಾಳಿಕೋರರು ನಿಜವಾಗಿ ಬಳಸುತ್ತಿರುವ ದೋಷಗಳ ತನ್ನ ಪಟ್ಟಿಗೆ ಇದೇ 2004ರ ದೋಷವನ್ನು ಸೇರಿಸಿತು. ಹತ್ತೊಂಬತ್ತು ವರ್ಷ ಸಮೀಪಿಸಿದರೂ ಯಾವುದೋ ರ‍್ಯಾಕ್‌ನ ಮೂಲೆಯಲ್ಲಿ ಆ ತಂತ್ರಾಂಶ ಇನ್ನೂ ಓಡುತ್ತಿದೆ ಎಂದಾಯಿತು.

ಹಂತ 1: ಎರಡನೇ ಬಾಗಿಲು

ಉಳಿದದ್ದೆಲ್ಲ ಆಮೇಲೆ. ಮೊದಲು ಕನ್ಸೋಲ್ ಕೇಬಲ್ ಎಲ್ಲಿದೆ ನೋಡಿ. ಅದನ್ನು ಈಗಲೇ ರೂಟರ್‌ಗೆ ಚುಚ್ಚಿ, ನಿಮ್ಮದೇ ಲ್ಯಾಪ್‌ಟಾಪ್‌ನಿಂದ ಲಾಗಿನ್ ಆಗಿ. ವೇಗ 9600 ಬಾಡ್, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್: ಸಿಸ್ಕೋ ರೂಟರ್‌ಗಳ ಮೂಲ ಹೊಂದಾಣಿಕೆ ಇದು. ಪರದೆಯ ಮೇಲೆ ಕಸದಂಥ ಅಕ್ಷರಗಳು ಬಂದರೆ ಹಿಂದೆ ಯಾರೋ ವೇಗ ಬದಲಿಸಿದ್ದಾರೆಂದು ಅರ್ಥ. ಕನ್ಸೋಲ್‌ನ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ ಎಂಬ ಸಂಗತಿ ಹೊರಬೀಳುವುದೂ ಸಾಮಾನ್ಯವಾಗಿ ಇದೇ ಹೊತ್ತಿನಲ್ಲಿ. ಅದು ಇವತ್ತೇ ಹೊರಬಿದ್ದರೆ ಒಳ್ಳೆಯದು.

ರೂಟರ್ ನೂರು ಕಿಲೋಮೀಟರ್ ದೂರದ ಶಾಖೆಯಲ್ಲಿದ್ದರೆ ಕೇಬಲ್ ಒಂದೇ ಸಾಲದು. ಅಲ್ಲಿ ಒಂದು ಕನ್ಸೋಲ್ ಸರ್ವರ್, ಅದಕ್ಕೆ ಬೇರೆ ಸಿಮ್ ಹಾಕಿದ 4ಜಿ ಮೋಡೆಮ್ ಇಡಬೇಕು. ದುಡ್ಡಿನ ವಿಷಯವಾದ್ದರಿಂದ ಆಡಳಿತ ಮಂಡಳಿ ಮೂಗು ಮುರಿಯುತ್ತದೆ. ಒಂದು ಸಲ ಟ್ಯಾಕ್ಸಿ ಮಾಡಿಕೊಂಡು ಹೋಗಿ ಬಂದ ಬಿಲ್ ತೋರಿಸಿ, ಬಹುತೇಕ ಒಪ್ಪುತ್ತಾರೆ.

ಇನ್ನು ಮುಂದಿನ ಹಂತಗಳಲ್ಲಿ ನೀವೇ ನಿಮ್ಮನ್ನು ಹೊರಗೆ ಹಾಕಿಕೊಳ್ಳುವ ಸಾಧ್ಯತೆ ದಾಳಿಕೋರನು ಹಾಕುವ ಸಾಧ್ಯತೆಗಿಂತ ಹೆಚ್ಚು. ಸಿಸ್ಕೋದಲ್ಲಿ ಕೆಲಸಕ್ಕೆ ಕೈ ಹಾಕುವ ಮುನ್ನ ಈಗಿರುವ ಕಾನ್ಫಿಗರೇಷನ್ ಉಳಿಸಿ, ‘ರೀಲೋಡ್ ಇನ್ 10’ ಎಂದು ಒತ್ತಿ. ಹತ್ತು ನಿಮಿಷದಲ್ಲಿ ರೂಟರ್ ತಾನೇ ಮರುಚಾಲನೆಯಾಗಿ ಹಳೆಯ ಸ್ಥಿತಿಗೆ ಬರುತ್ತದೆ. ಬದಲಾವಣೆ ಸರಿಯಾಗಿ ಕೂತಿತೆಂದು ಎರಡನೇ ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ಖಚಿತಪಡಿಸಿಕೊಂಡ ಮೇಲೆ ‘ರೀಲೋಡ್ ಕ್ಯಾನ್ಸಲ್’, ಆಮೇಲೆಯೇ ಉಳಿಸುವುದು. ಈ ಕ್ರಮ ತಪ್ಪಿ ಮೊದಲೇ ಉಳಿಸಿದರೆ ಮರುಚಾಲನೆಯಾದರೂ ತಪ್ಪಿನೊಂದಿಗೇ ಎದ್ದು ಬರುತ್ತದೆ. ಜೂನಿಪರ್‌ನಲ್ಲಿ ‘ಕಮಿಟ್ ಕನ್ಫರ್ಮ್ಡ್’ ಇದೇ ಕೆಲಸವನ್ನು ಮರುಚಾಲನೆಯಿಲ್ಲದೆ ಮಾಡುತ್ತದೆ. ಮೈಕ್ರೋಟಿಕ್‌ನಲ್ಲಿ ಕಂಟ್ರೋಲ್ ಎಕ್ಸ್ ಒತ್ತಿದರೆ ಸೇಫ್ ಮೋಡ್. ಸಂಪರ್ಕ ಕಡಿದುಹೋದರೆ ಮಾಡಿದ್ದೆಲ್ಲ ರದ್ದು.

ಹಂತ 2: ತೆರೆದಿರುವುದು ಯಾವುದು

ಎರಡು ಕಡೆಯಿಂದ ನೋಡಬೇಕು, ಒಳಗಿನಿಂದ ಮತ್ತು ಹೊರಗಿನಿಂದ. ಒಳಗಿನಿಂದ ಸಿಸ್ಕೋದಲ್ಲಿ ‘ಶೋ ಕಂಟ್ರೋಲ್-ಪ್ಲೇನ್ ಹೋಸ್ಟ್ ಓಪನ್-ಪೋರ್ಟ್ಸ್’, ಅದು ಒಪ್ಪದ ಹಳೆಯ ಯಂತ್ರದಲ್ಲಿ ‘ಶೋ ಟಿಸಿಪಿ ಬ್ರೀಫ್ ಆಲ್’. ಮೈಕ್ರೋಟಿಕ್‌ನಲ್ಲಿ ‘ಐಪಿ ಸರ್ವಿಸ್ ಪ್ರಿಂಟ್’.

ಹೊರಗಿನಿಂದ ನೋಡಲು ಕಚೇರಿಯ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಬನ್ನಿ, ಲ್ಯಾಪ್‌ಟಾಪ್‌ನಲ್ಲಿ ಪೋರ್ಟ್‌ಗಳನ್ನು ತಟ್ಟಿ ನೋಡುವ ತಂತ್ರಾಂಶ ಎನ್‌ಮ್ಯಾಪ್ ಹಾಕಿಕೊಳ್ಳಿ. ಟಿಸಿಪಿಯಲ್ಲಿ ನೋಡಬೇಕಾದವು: 22 ಎಸ್‌ಎಸ್‌ಎಚ್, 23 ಟೆಲ್ನೆಟ್, 80 ಮತ್ತು 443 ವೆಬ್, 4786 ಸಿಸ್ಕೋ ಸ್ಮಾರ್ಟ್ ಇನ್‌ಸ್ಟಾಲ್ (ಹೊಸ ಸ್ವಿಚ್‌ಗಳನ್ನು ದೂರದಿಂದ ಸಿದ್ಧಗೊಳಿಸುವುದು), 7547 ಟಿಆರ್-069 (ಇಂಟರ್‌ನೆಟ್ ಕಂಪನಿ ಗ್ರಾಹಕರ ರೂಟರ್ ನಿರ್ವಹಿಸುವುದು), 8291 ವಿನ್‌ಬಾಕ್ಸ್ (ಮೈಕ್ರೋಟಿಕ್‌ನ ನಿರ್ವಹಣಾ ತಂತ್ರಾಂಶ), 8728 ಮೈಕ್ರೋಟಿಕ್ ಎಪಿಐ. ಯುಡಿಪಿಯಲ್ಲಿ 161 ಎಸ್‌ಎನ್‌ಎಂಪಿ. ರಿವರ್ಸ್ ಟೆಲ್ನೆಟ್‌ನ ಸಂಖ್ಯೆಗಳನ್ನು ಹೆಚ್ಚಿನವರು ಮರೆಯುತ್ತಾರೆ: 2001ರಿಂದ 2999, 3001ರಿಂದ 3099, 6001ರಿಂದ 6999, 7001ರಿಂದ 7099. ಡಯಲ್-ಅಪ್ ಕಾಲದ ಸಾಲುಗಳು ಅವು. ಬಳಸುವವರಿಲ್ಲ, ಆದರೆ 2004ರ ದೋಷ ಆ ಬಾಗಿಲಿನಿಂದಲೂ ಒಳಬರುತ್ತಿತ್ತು.

ಫಲಿತಾಂಶ ಮೂರು ಬಗೆಯದು. ‘ಓಪನ್’ ಎಂದರೆ ಅರ್ಥ ಸ್ಪಷ್ಟ. ‘ಕ್ಲೋಸ್ಡ್’ ಎಂದರೆ ಆ ಪೋರ್ಟ್‌ನಲ್ಲಿ ಯಾರೂ ಇಲ್ಲ, ಆದರೆ ನಿಮ್ಮ ಪ್ಯಾಕೆಟ್ ರೂಟರ್‌ನ ಸಿಪಿಯುವರೆಗೆ ಹೋಗಿ ‘ಇಲ್ಲ’ ಎಂಬ ಉತ್ತರ ಹೊತ್ತು ಬಂದಿದೆ. ‘ಫಿಲ್ಟರ್ಡ್’ ಎಂದರೆ ದಾರಿಯಲ್ಲೇ ಎಸೆಯಲಾಗಿದೆ. ಅಪರಿಚಿತರಿಗೆ ಕಾಣಬೇಕಾದದ್ದು ಈ ಮೂರನೆಯದು. ಕ್ಲೋಸ್ಡ್ ನೋಡಿ ನಿಟ್ಟುಸಿರು ಬಿಡುವವರನ್ನು ಕಂಡಿದ್ದೇನೆ. ಪ್ಯಾಕೆಟ್ ಪ್ರವಾಹ ಬಂದರೆ ಸಿಪಿಯು ಆ ‘ಇಲ್ಲ’ ಹೇಳುವುದರಲ್ಲೇ ಸುಸ್ತಾಗುತ್ತದೆ.

ಮೂರನೇ ನೋಟ ಹಾಸ್ಟೆಲ್ ಅಥವಾ ಅತಿಥಿ ವೈಫೈಯಿಂದ. ಇಂಟರ್‌ನೆಟ್ ಕಡೆಯ ವಿಳಾಸವನ್ನು ಭದ್ರ ಮಾಡಿ, ಒಳಗಿನ ಗೇಟ್‌ವೇ ವಿಳಾಸವನ್ನು ಎರಡು ಸಾವಿರ ವಿದ್ಯಾರ್ಥಿಗಳಿಗೆ ತೆರೆದಿಟ್ಟಿರುವ ಜಾಲಗಳೇ ಹೆಚ್ಚು. ರೂಟರ್‌ಗೆ ಎಷ್ಟು ಇಂಟರ್‌ಫೇಸ್‌ಗಳಿವೆಯೋ ಅಷ್ಟು ವಿಳಾಸ, ಯಾವ ತಂತಿಗೂ ಸೇರದ ಒಳ ವಿಳಾಸವಾದ ಲೂಪ್‌ಬ್ಯಾಕ್ ಬೇರೆ. ಬಾಗಿಲು ಒಂದೇ ಆದರೂ ಅಲ್ಲಿಗೆ ದಾರಿಗಳು ಹಲವು.

ನಿಮ್ಮದಲ್ಲದ ಯಂತ್ರದ ಮೇಲೆ ಇದನ್ನು ಪ್ರಯೋಗಿಸಬೇಡಿ. ಹಕ್ಕುಳ್ಳವರಿಗೆ ಕಂಪ್ಯೂಟರ್ ಬಳಕೆ ಸಿಗದಂತೆ ಮಾಡುವುದನ್ನು ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಹೆಸರಿಸಿಯೇ ಹೇಳುತ್ತದೆ. ದುರುದ್ದೇಶವಿದ್ದರೆ 66ನೇ ಸೆಕ್ಷನ್ನಿನಡಿ ಮೂರು ವರ್ಷದವರೆಗೆ ಜೈಲು.

ಹಂತ 3: ಬೇಡದ್ದನ್ನು ಮುಚ್ಚುವುದು

ಇದು ಹತ್ತು ನಿಮಿಷದ ಕೆಲಸ. ‘ನೋ ಐಪಿ ಎಚ್‌ಟಿಟಿಪಿ ಸರ್ವರ್’, ‘ನೋ ಐಪಿ ಎಚ್‌ಟಿಟಿಪಿ ಸೆಕ್ಯೂರ್-ಸರ್ವರ್’. ಸ್ವಿಚ್‌ಗಳಲ್ಲಿ ‘ನೋ ವಿಸ್ಟ್ಯಾಕ್’, ಇದು ಸ್ಮಾರ್ಟ್ ಇನ್‌ಸ್ಟಾಲ್ ಅನ್ನು ನಿಲ್ಲಿಸುತ್ತದೆ. 2018ರ ಮಾರ್ಚ್‌ನಲ್ಲಿ ಅದರ 4786 ಪೋರ್ಟ್‌ನ ದೋಷವೊಂದು ಪ್ರಕಟವಾಯಿತು: ಲಾಗಿನ್ ಇಲ್ಲದೆಯೇ ಯಂತ್ರವನ್ನು ಮರುಚಾಲನೆಗೆ ಎಳೆಯಬಹುದಿತ್ತು, ವಶಕ್ಕೂ ತೆಗೆದುಕೊಳ್ಳಬಹುದಿತ್ತು. ಮರುತಿಂಗಳೇ ಇರಾನ್ ಮತ್ತು ರಷ್ಯಾದಲ್ಲಿ ಸ್ಮಾರ್ಟ್ ಇನ್‌ಸ್ಟಾಲ್ ತೆರೆದಿಟ್ಟಿದ್ದ ಸ್ವಿಚ್‌ಗಳ ಕಾನ್ಫಿಗರೇಷನ್ ಅಳಿಸಿಹೋಗಿತ್ತು.

ಟೆಲ್ನೆಟ್ ನಿಲ್ಲಿಸಲು ಮೊದಲು ಎಸ್‌ಎಸ್‌ಎಚ್ ಸಿದ್ಧವಿರಬೇಕು: 2048 ಬಿಟ್‌ನ ಕೀಲಿ, ‘ಐಪಿ ಎಸ್‌ಎಸ್‌ಎಚ್ ವರ್ಷನ್ 2’, ಎಸ್‌ಎಸ್‌ಎಚ್‌ನಲ್ಲಿ ಒಮ್ಮೆ ಲಾಗಿನ್ ಆಗಿ ನೋಡಿ, ಆಮೇಲೆ ದೂರದಿಂದ ಲಾಗಿನ್ ಆಗುವ ವಿಟಿವೈ ಸಾಲುಗಳಲ್ಲಿ ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್’. ಬಳಕೆಯಲ್ಲಿಲ್ಲದ ಆಕ್ಸ್ ಮತ್ತು ಟಿಟಿವೈ (ಮೋಡೆಮ್, ಸೀರಿಯಲ್ ಸಾಧನಗಳ) ಸಾಲುಗಳಲ್ಲಿ ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ನನ್’. ಮೈಕ್ರೋಟಿಕ್‌ನಲ್ಲಿ ಟೆಲ್ನೆಟ್, ಎಫ್‌ಟಿಪಿ, ವೆಬ್, ಎಪಿಐ ನಾಲ್ಕನ್ನೂ ನಿಷ್ಕ್ರಿಯಗೊಳಿಸಿ. ಎಸ್‌ಎಸ್‌ಎಚ್ ಮತ್ತು ವಿನ್‌ಬಾಕ್ಸ್ ಸಾಕು.

ಎಸ್‌ಎನ್‌ಎಂಪಿ ಬಗ್ಗೆ ಒಂದು ಮಾತು. ಓದುವುದಕ್ಕೆ ಮಾತ್ರ ಕೊಟ್ಟ ‘ಪಬ್ಲಿಕ್’ ಎಂಬ ಕಮ್ಯುನಿಟಿ ಹೆಸರಿನಿಂದ (ಎಸ್‌ಎನ್‌ಎಂಪಿಯಲ್ಲಿ ಪಾಸ್‌ವರ್ಡ್‌ನಂತೆ ಬಳಸುವ ಪದ) ಏನು ಮಹಾ ಆಗುತ್ತದೆ ಎನ್ನುವವರಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಸಿಸ್ಕೋ ಪ್ರಕಟಿಸಿದ ದೋಷದಲ್ಲಿ ಅಷ್ಟೇ ಹಕ್ಕಿದ್ದವನೂ ರೂಟರ್ ಅನ್ನು ಬೀಳಿಸಬಹುದಿತ್ತು. ಹೆಸರು ಬದಲಿಸಿ, ನಿಗಾ ಸರ್ವರ್‌ನ ವಿಳಾಸಕ್ಕೆ ಮಾತ್ರ ಅನುಮತಿ ಕೊಡಿ.

ಹಂತ 4: ಯಾರು ಬರಬಹುದು

ನಿರ್ವಹಣೆಗೆಂದೇ ಒಂದು ವಿಳಾಸ ಗುಂಪು ಇಟ್ಟುಕೊಳ್ಳಿ. ಉದಾಹರಣೆಗೆ 10.20.30.0, ವೈಲ್ಡ್‌ಕಾರ್ಡ್ 0.0.0.255. ಮನೆಯಿಂದ ಬರುವವರು ಮೊದಲು ವಿಪಿಎನ್‌ಗೆ ಬಂದು ಇದೇ ಗುಂಪಿನ ವಿಳಾಸ ಪಡೆಯಲಿ. ಈ ಗುಂಪಿಗೆ ಅನುಮತಿ ಕೊಡುವ ಆ್ಯಕ್ಸೆಸ್ ಲಿಸ್ಟ್ (ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ಪಟ್ಟಿ) ಬರೆದು, ಕೊನೆಗೆ ಲಾಗ್ ಸಮೇತ ನಿರಾಕರಣೆ ಹಾಕಿ, ವಿಟಿವೈ ಸಾಲುಗಳಿಗೆ ‘ಆ್ಯಕ್ಸೆಸ್-ಕ್ಲಾಸ್’ ಮೂಲಕ ಅಂಟಿಸಿ.

ಎಡವುವ ಜಾಗಗಳು ಎರಡು. ವಿಟಿವೈ ಸಾಲುಗಳು 0ರಿಂದ 4ರವರೆಗೆ ಮಾತ್ರ ಇವೆಯೆಂದು ಅಷ್ಟಕ್ಕೇ ಲಿಸ್ಟ್ ಅಂಟಿಸುತ್ತಾರೆ. ಹಲವು ಯಂತ್ರಗಳಲ್ಲಿ 5ರಿಂದ 15ರವರೆಗೂ ಸಾಲುಗಳಿದ್ದು ಅವು ಬಟಾಬಯಲಾಗಿರುತ್ತವೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಐಪಿವಿ4ಗೆ ಹಾಕಿದ ಆ್ಯಕ್ಸೆಸ್-ಕ್ಲಾಸ್ ಹೊಸ ಬಗೆಯ ವಿಳಾಸವಾದ ಐಪಿವಿ6ನ ಸಂಪರ್ಕವನ್ನು ಕೇಳುವುದೇ ಇಲ್ಲ. ಅದಕ್ಕೆ ‘ಐಪಿವಿ6 ಆ್ಯಕ್ಸೆಸ್-ಕ್ಲಾಸ್’ ಎಂದು ಬೇರೆಯೇ ಹಾಕಬೇಕು. ಇಂಟರ್‌ನೆಟ್ ಕಂಪನಿ ಐಪಿವಿ6 ಕೊಟ್ಟ ದಿನ ನಮ್ಮ ಮುಂಬಾಗಿಲಿನ ಪಕ್ಕದಲ್ಲೇ ಬೀಗವಿಲ್ಲದ ಇನ್ನೊಂದು ಬಾಗಿಲು ಹುಟ್ಟಿಕೊಳ್ಳುತ್ತದೆ, ಗೃಹಪ್ರವೇಶದ ಆಹ್ವಾನ ಕೂಡ ಬರುವುದಿಲ್ಲ. ಹಂತ 2ರ ಪರೀಕ್ಷೆಯನ್ನು ಐಪಿವಿ6 ವಿಳಾಸಕ್ಕೂ ಮಾಡಿ.

ವಿಆರ್‌ಎಫ್ (ಒಂದೇ ರೂಟರ್‌ನಲ್ಲಿ ಬೇರೆ ಬೇರೆ ರೂಟಿಂಗ್ ಪಟ್ಟಿಗಳನ್ನು ಇಡುವ ಏರ್ಪಾಡು) ಬಳಸುವವರಾದರೆ ಲಿಸ್ಟ್ ಅಂಟಿಸುವಾಗ ‘ವಿಆರ್‌ಎಫ್-ಆಲ್ಸೋ’ ಸೇರಿಸಿ. ಇಲ್ಲದಿದ್ದರೆ ಆ ಕಡೆಯಿಂದ ಬರುವ ನಿಮ್ಮನ್ನೇ ಅದು ತಿರುಗಿ ಕಳುಹಿಸುತ್ತದೆ.

ಹಂತ 5: ಕುರ್ಚಿಗಳ ಲೆಕ್ಕ

ನನ್ನ ಶನಿವಾರ ರಾತ್ರಿಯ ಮದ್ದು ಇಲ್ಲಿದೆ. ಐಒಎಸ್ ಎಸ್‌ಎಸ್‌ಎಚ್‌ನಲ್ಲಿ ಬಂದವನು ಲಾಗಿನ್ ಮುಗಿಸಲು ಮೂಲದಲ್ಲಿ 120 ಸೆಕೆಂಡ್ ಕಾಯುತ್ತದೆ; ಐದು ಸಂಪರ್ಕ ತೆರೆದಿಟ್ಟರೆ ಎರಡು ನಿಮಿಷ ನಿಮಗೆ ಜಾಗವಿಲ್ಲ. ‘ಐಪಿ ಎಸ್‌ಎಸ್‌ಎಚ್ ಟೈಮ್-ಔಟ್ 30’ ಹಾಕಿ. ಲಾಗಿನ್ ಆದವರು ಸುಮ್ಮನಿದ್ದರೆ ಹೊರಗೆ ಕಳುಹಿಸುವ ಗಡುವು ಮೂಲದಲ್ಲಿ 10 ನಿಮಿಷ. ಪದೇ ಪದೇ ಲಾಗಿನ್ ಆಗುವ ಬೇಸರಕ್ಕೆ ಇದನ್ನು ‘ಎಕ್ಸೆಕ್-ಟೈಮ್‌ಔಟ್ 0 0’ ಎಂದು ಮಾಡಿಟ್ಟವರು ನಮ್ಮಲ್ಲಿ ಧಾರಾಳವಾಗಿದ್ದಾರೆ. ಹಾಗೆಂದರೆ ಎಂದೆಂದಿಗೂ ಎಬ್ಬಿಸಬೇಡ ಎಂದರ್ಥ. ನಿಮ್ಮದೇ ಲ್ಯಾಪ್‌ಟಾಪ್‌ನ ವೈಫೈ ಐದು ಸಲ ಕಡಿದುಹೋದರೆ ಐದು ಸತ್ತ ಸಂಪರ್ಕಗಳು ಕುರ್ಚಿ ಹಿಡಿದು ಕೂರುತ್ತವೆ, ದಾಳಿಕೋರನೇ ಬೇಕಿಲ್ಲ. ಇಂಥ ಸತ್ತವನ್ನು ತೆಗೆಯಲು ‘ಸರ್ವಿಸ್ ಟಿಸಿಪಿ-ಕೀಪ್‌ಅಲೈವ್ಸ್-ಇನ್’ ಹಾಕಿ.

ಆಮೇಲೆ ಒಂದು ಹಳೆಯ ಉಪಾಯ. ಕೊನೆಯ ವಿಟಿವೈ ಸಾಲೊಂದನ್ನು ಬೇರೆ ಮಾಡಿ, ಅದಕ್ಕೆ ಒಂದೇ ಒಂದು ನಿರ್ವಹಣಾ ಯಂತ್ರದ ವಿಳಾಸವಿರುವ ಬಿಗಿಯಾದ ಲಿಸ್ಟ್ ಅಂಟಿಸಿ. ರೂಟರ್ ಸಾಲುಗಳನ್ನು ಕೆಳಗಿನ ಸಂಖ್ಯೆಯಿಂದ ತುಂಬುತ್ತಾ ಹೋಗುತ್ತದೆ. ಉಳಿದವು ತುಂಬಿದ ಮೇಲೂ ಇದು ನಿಮಗಾಗಿ ಕಾದಿರುತ್ತದೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವುದು ನಮಗೇನು ಹೊಸದೇ?

ಹಂತ 6: ಕಾವಲುಗಾರನೇ ಬೀಗ ಹಾಕಿಕೊಂಡು ಹೋಗುವ ಅಪಾಯ

ಪಾಸ್‌ವರ್ಡ್ ಊಹಿಸುವವರನ್ನು ತಡೆಯಲು ಐಒಎಸ್‌ನಲ್ಲಿ ‘ಲಾಗಿನ್ ಬ್ಲಾಕ್-ಫಾರ್ 120 ಅಟೆಂಪ್ಟ್ಸ್ 5 ವಿದಿನ್ 60’ ಎಂಬ ಕಮಾಂಡ್ ಇದೆ: ಒಂದು ನಿಮಿಷದಲ್ಲಿ ಐದು ಸಲ ತಪ್ಪಿದರೆ ಎರಡು ನಿಮಿಷ ಲಾಗಿನ್ ಬಂದ್. ಓದಲು ಚೆನ್ನಾಗಿದೆ, ಬಹಳಷ್ಟು ಮಾರ್ಗದರ್ಶಿಗಳು ಇಲ್ಲಿಗೇ ನಿಲ್ಲಿಸುತ್ತವೆ. ಒಂದು ಕ್ಷಣ ದಾಳಿಕೋರನ ಜಾಗದಲ್ಲಿ ನಿಂತು ನೋಡಿ. ಎರಡು ನಿಮಿಷಕ್ಕೊಮ್ಮೆ ಐದು ತಪ್ಪು ಪಾಸ್‌ವರ್ಡ್ ಕಳುಹಿಸಿದರೆ ಸಾಕು, ರೂಟರ್ ತನ್ನ ಯಜಮಾನನಿಗೂ ಸೇರಿಸಿ ಎಲ್ಲರಿಗೂ ಬಾಗಿಲು ಹಾಕುತ್ತದೆ. ದೋಷ ಹುಡುಕುವ ಶ್ರಮವೂ ಅವನಿಗೆ ಬೇಡ. ದಾಳಿಯ ಸಾಧನವನ್ನು ನಾವೇ ಒದಗಿಸಿದಂತಾಯಿತು.

ಆದ್ದರಿಂದ ಅದರ ಜೊತೆಗೆ ‘ಲಾಗಿನ್ ಕ್ವಯಟ್-ಮೋಡ್ ಆ್ಯಕ್ಸೆಸ್-ಕ್ಲಾಸ್’ ಇರಲೇಬೇಕು, ಹಂತ 4ರ ಅದೇ ಲಿಸ್ಟ್‌ನೊಂದಿಗೆ. ಬಾಗಿಲು ಹಾಕಿದ ಹೊತ್ತಿನಲ್ಲೂ ಆ ವಿಳಾಸದವರಿಗೆ ಪ್ರವೇಶವಿರುತ್ತದೆ. ಹಾಕಿದ ಮೇಲೆ ನಂಬಿ ಕೂರಬೇಡಿ: ಬೇಕೆಂದೇ ಐದು ಸಲ ತಪ್ಪು ಪಾಸ್‌ವರ್ಡ್ ಕೊಟ್ಟು, ‘ಶೋ ಲಾಗಿನ್’ನಲ್ಲಿ ಕ್ವಯಟ್ ಮೋಡ್ ಶುರುವಾದದ್ದನ್ನು ಕಣ್ಣಾರೆ ಕಂಡು, ನಿರ್ವಹಣಾ ಯಂತ್ರದಿಂದ ಒಳಗೆ ಹೋಗಿ ಬನ್ನಿ.

ಹಂತ 7: ಊರ ಗಡಿಯಲ್ಲೇ ತಡೆಯುವುದು

ಆ್ಯಕ್ಸೆಸ್-ಕ್ಲಾಸ್ ಮನೆ ಬಾಗಿಲಲ್ಲಿ ನಿಂತ ಕಾವಲುಗಾರ. ಬಂದವರಿಗೆಲ್ಲ ‘ಹೋಗಿ’ ಎನ್ನುವುದೂ ಅವನಿಗೆ ಕೆಲಸವೇ. ಸಾವಿರಾರು ಪ್ಯಾಕೆಟ್ ಬಂದರೆ ಆ ಕೆಲಸದಲ್ಲೇ ಸಿಪಿಯು ಮುಳುಗುತ್ತದೆ. ಹಾಗಾಗಿ ಇಂಟರ್‌ನೆಟ್ ಕಡೆಯ ಇಂಟರ್‌ಫೇಸ್‌ನ ಒಳಬರುವ ದಿಕ್ಕಿನಲ್ಲಿ ಇನ್ನೊಂದು ಲಿಸ್ಟ್ ಹಾಕಬೇಕು: ರೂಟರ್‌ಗಳ ಸ್ವಂತ ವಿಳಾಸಗಳಿಗೆ ಹೊರಗಿನಿಂದ ಬರುವ ನಿರ್ವಹಣಾ ಪೋರ್ಟ್‌ಗಳೆಲ್ಲ ನಿಷಿದ್ಧ, ಹಾದುಹೋಗುವ ಉಳಿದದ್ದಕ್ಕೆಲ್ಲ ಅನುಮತಿ. ಬಿಜಿಪಿ (ಬೇರೆ ಸಂಸ್ಥೆಗಳ ಜಾಲದೊಂದಿಗೆ ದಾರಿ ಹಂಚಿಕೊಳ್ಳುವ ಪ್ರೋಟೋಕಾಲ್) ನೆರೆಯವರಿದ್ದರೆ ಅವರ ವಿಳಾಸದಿಂದ 179ನೇ ಪೋರ್ಟ್ ಬಿಡಲು ಮರೆಯಬೇಡಿ. ಕೊನೆಯ ‘ಉಳಿದದ್ದಕ್ಕೆಲ್ಲ ಅನುಮತಿ’ ಬಿಟ್ಟುಹೋದರೆ ಇಡೀ ಸಂಸ್ಥೆಯ ಇಂಟರ್‌ನೆಟ್ ನಿಂತು, ನಿಮಗೆ ಎಲ್ಲರ ಫೋನ್ ನಂಬರ್ ಬಾಯಿಪಾಠವಾಗುತ್ತದೆ. ಮೈಕ್ರೋಟಿಕ್‌ನಲ್ಲಿ ಇದೇ ಕೆಲಸ ‘ಇನ್‌ಪುಟ್’ ಸರಪಳಿಯಲ್ಲಿ: ಸ್ಥಾಪಿತ ಸಂಪರ್ಕಗಳಿಗೆ ಅನುಮತಿ, ನಿರ್ವಹಣಾ ಗುಂಪಿಗೆ ಅನುಮತಿ, ಹೊರಗಿನ ಇಂಟರ್‌ಫೇಸ್‌ನಿಂದ ಬಂದ ಉಳಿದದ್ದು ‘ಡ್ರಾಪ್’. ‘ರಿಜೆಕ್ಟ್’ ಹಾಕಿದರೆ ಉತ್ತರ ಕೊಡುವ ಶ್ರಮ ರೂಟರ್‌ಗೇ.

ಇದರ ಮೇಲಿನ ಪದರ ಕಂಟ್ರೋಲ್ ಪ್ಲೇನ್ ಪೊಲೀಸಿಂಗ್. ಸಿಪಿಯುಗೆ ಹೋಗುವ ಪ್ಯಾಕೆಟ್‌ಗಳಿಗೆ ಬಗೆಬಗೆಯಾಗಿ ವೇಗದ ಮಿತಿ ಹಾಕುವ ಏರ್ಪಾಡು ಇದು. ‘ಎಸ್‌ಎಸ್‌ಎಚ್‌ಗೆ ಇಷ್ಟು ಮಿತಿ’ ಎಂದು ಒಟ್ಟಾಗಿ ಹಾಕಿದರೆ ದಾಳಿಕೋರನ ಪ್ಯಾಕೆಟ್‌ಗಳೇ ಆ ಪಾಲನ್ನು ತಿಂದುಹಾಕುತ್ತವೆ, ನಿಮ್ಮದು ಹೊರಗುಳಿಯುತ್ತದೆ. ಆದ್ದರಿಂದ ನಿರ್ವಹಣಾ ಗುಂಪಿನ ವಿಳಾಸದಿಂದ ಬರುವುದಕ್ಕೆ ಒಂದು ವರ್ಗ, ರೂಟಿಂಗ್ ಪ್ರೋಟೋಕಾಲ್‌ಗಳಿಗೆ ಇನ್ನೊಂದು, ಪಿಂಗ್‌ನಂಥವಕ್ಕೆ ಮತ್ತೊಂದು, ಕೊನೆಗೆ ಗುರುತು ಪರಿಚಯವಿಲ್ಲದ್ದಕ್ಕೆ ಒಂದು. ಶುರುವಿನಲ್ಲಿ ಮಿತಿ ಮೀರಿದ್ದನ್ನೂ ‘ಟ್ರಾನ್ಸ್‌ಮಿಟ್’ ಎಂದೇ ಇಡಿ. ಎರಡು ವಾರ ಎಣಿಕೆ ನೋಡಿ. ನಿಮ್ಮ ಜಾಲದ ಸಹಜ ಪ್ರಮಾಣ ತಿಳಿದ ಮೇಲೆ ‘ಡ್ರಾಪ್’ಗೆ ಬದಲಿಸಿ. ಬೇರೆಯವರ ಸಂಖ್ಯೆಗಳನ್ನು ನಕಲು ಮಾಡಬೇಡಿ, ನನ್ನವನ್ನೂ. ಅದಕ್ಕೇ ಇಲ್ಲಿ ಕೊಟ್ಟಿಲ್ಲ.

ಹಂತ 8: ತಂತ್ರಾಂಶ

ಮೇಲಿನದ್ದೆಲ್ಲ ದೋಷದ ಬಳಿಗೆ ಜನ ಬಾರದಂತೆ ಬೇಲಿ ಹಾಕುವ ಕೆಲಸ. ದೋಷ ಹೋಗುವುದು ಹೊಸ ತಂತ್ರಾಂಶದಿಂದ ಮಾತ್ರ. ‘ಶೋ ವರ್ಷನ್’ ನೋಡಿ, ತಯಾರಕರ ಸೂಚನೆಗಳೊಂದಿಗೆ ಹೋಲಿಸಿ. ಬೆಂಬಲ ಮುಗಿದ ಯಂತ್ರವಾದರೆ ಬದಲಿಸಲು ಹಣ ಕೇಳಿ, ಸಿಗುವವರೆಗೆ ಬೇಲಿಯನ್ನು ಇಮ್ಮಡಿ ಬಿಗಿ ಮಾಡಿ.

ದಾಳಿ ನಡೆಯುತ್ತಿರುವಾಗ

ರೂಟರ್ ಅನ್ನು ಆಫ್ ಮಾಡಿ ಆನ್ ಮಾಡುವ ಆಸೆಯನ್ನು ಸ್ವಲ್ಪ ತಡೆದುಕೊಳ್ಳಿ. ಮರುಚಾಲನೆಯಿಂದ ಬಾಗಿಲು ತೆರೆಯಬಹುದು, ಆದರೆ ಸಾಕ್ಷ್ಯ ಅಳಿಸಿಹೋಗುತ್ತದೆ, ಬೇಲಿಯಿಲ್ಲದಿದ್ದರೆ ಅದೇ ಜನ ಮತ್ತೆ ಬರುತ್ತಾರೆ. ಈಗಾಗಲೇ ತೆರೆದಿರುವ ಲಾಗಿನ್ ಯಾವುದಾದರೂ ಇದ್ದರೆ ಅದನ್ನು ಪ್ರಾಣದಂತೆ ಕಾಪಾಡಿ. ಇಲ್ಲವಾದರೆ ಕನ್ಸೋಲ್.

ಒಳಗೆ ಹೋದ ಮೇಲೆ ‘ಶೋ ಟಿಸಿಪಿ ಬ್ರೀಫ್’. ಪ್ರತಿ ಸಾಲಿನ ಎಡತುದಿಯಲ್ಲಿ ಟಿಸಿಬಿ ಎಂಬ ಸಂಖ್ಯೆ, ನಂತರ ನಿಮ್ಮ ಮತ್ತು ಎದುರಿನವರ ವಿಳಾಸ, ಕೊನೆಗೆ ಸ್ಥಿತಿ. ಪರಿಚಯವಿಲ್ಲದ ವಿಳಾಸಗಳನ್ನು ಮೊದಲು ಕಡತಕ್ಕೆ ನಕಲು ಮಾಡಿಕೊಳ್ಳಿ. ಆಮೇಲೆ ‘ಕ್ಲಿಯರ್ ಟಿಸಿಪಿ ಟಿಸಿಬಿ’ ಎಂದು ಆ ಸಂಖ್ಯೆ ಸೇರಿಸಿ ಒತ್ತಿದರೆ ಆ ಸಂಪರ್ಕ ಕಡಿಯುತ್ತದೆ. 2004ರ ಸೂಚನೆಯಲ್ಲಿ ಸಿಸ್ಕೋ ಹೇಳಿದ ತುರ್ತು ಉಪಾಯವೂ ಇದೇ. ವಿಟಿವೈ ಸಾಲು ಬಿಡಿಸಲು ‘ಕ್ಲಿಯರ್ ಲೈನ್ ವಿಟಿವೈ’ ಮತ್ತು ಸಾಲಿನ ಸಂಖ್ಯೆ. ತಕ್ಷಣ ಹಂತ 4 ಮತ್ತು 7ರ ಲಿಸ್ಟ್ ಹಾಕಿ, ನಂತರವೇ ನಿಟ್ಟುಸಿರು.

ಭಾರತದಲ್ಲಿರುವವರಿಗೆ ಇನ್ನೊಂದು ಹೊಣೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾ ನಿರಾಕರಣೆ ದಾಳಿ, ರೂಟರ್‌ನಂಥ ಜಾಲ ಸಾಧನಗಳ ಮೇಲಿನ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಉಳಿಸಬೇಕು. ರೂಟರ್‌ನ ಸ್ವಂತ ನೆನಪಿನಲ್ಲಿ ಅಷ್ಟು ದಿನ ಏನೂ ಉಳಿಯುವುದಿಲ್ಲ; ಲಾಗ್‌ಗಳನ್ನು ಕೂಡಿಡುವ ಬೇರೊಂದು ಸಿಸ್‌ಲಾಗ್ ಸರ್ವರ್ ಬೇಕು, ಗಡಿಯಾರ ಎನ್‌ಟಿಪಿಗೆ (ಜಾಲದಿಂದ ಸರಿಯಾದ ಸಮಯ ಪಡೆಯುವ ವ್ಯವಸ್ಥೆ) ಹೊಂದಿರಬೇಕು. 1993ನೇ ಇಸವಿಯ ದಿನಾಂಕ ಹೊತ್ತ ಲಾಗ್ ಯಾರಿಗೂ ಉಪಯೋಗವಿಲ್ಲ.

ಮನೆಯ ರೂಟರ್ ಇರುವವರಿಗೆ

2016ರ ನವೆಂಬರ್ 27ರಂದು ಜರ್ಮನಿಯಲ್ಲಿ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಕೈಕೊಟ್ಟವು. ರೂಟರ್, ಕ್ಯಾಮೆರಾಗಳಂಥ ಸಾಧನಗಳನ್ನು ವಶಪಡಿಸಿಕೊಳ್ಳುವ ಮಿರಾಯ್ ಕುಟುಂಬದ ದುಷ್ಟ ತಂತ್ರಾಂಶವೊಂದು 7547 ಪೋರ್ಟ್ ಬಡಿಯುತ್ತಿತ್ತು. ಅದು ಒಳಹೊಕ್ಕು ನೆಲೆಸಲು ಬಂದದ್ದು, ಅಲ್ಲಿ ನೆಲೆಸಲಾಗಲಿಲ್ಲ; ಆದರೆ ಆ ಬಡಿತಕ್ಕೇ ರೂಟರ್‌ಗಳು ಬಿದ್ದವು. ಆ ಪೋರ್ಟ್ ಇದ್ದದ್ದು ಕಂಪನಿ ದೂರದಿಂದ ನಿರ್ವಹಿಸಲಿ ಎಂದೇ. ಮರುವರ್ಷ ಜುಲೈ ಕೊನೆಯಲ್ಲಿ ನಮ್ಮ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳಿಗೂ ಇಂಥ ಪೆಟ್ಟು ಬಿದ್ದು, ಮೂಲ ಪಾಸ್‌ವರ್ಡ್ ಬದಲಿಸಿರೆಂದು ಸಂಸ್ಥೆ ಗ್ರಾಹಕರಿಗೆ ಹೇಳಬೇಕಾಯಿತು.

ಮನೆಯಲ್ಲಿ ಮಾಡಬೇಕಾದ್ದು ಸ್ವಲ್ಪವೇ. ರೂಟರ್‌ನ ಪುಟದಲ್ಲಿ ‘ರಿಮೋಟ್ ಮ್ಯಾನೇಜ್‌ಮೆಂಟ್’ ಆಫ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಹೊಸ ತಂತ್ರಾಂಶವಿದ್ದರೆ ಹಾಕಿ. ಟಿಆರ್-069 ನಿಲ್ಲಿಸಲು ಕಂಪನಿಗಳು ಹಲವು ಸಲ ಬಿಡುವುದಿಲ್ಲ. ತಮ್ಮ ಸರ್ವರ್‌ನಿಂದ ಮಾತ್ರ ಅದಕ್ಕೆ ಪ್ರವೇಶವಿದೆಯೇ ಎಂದು ಕೇಳಿ. ರೂಟರ್‌ನ ಹೊರಗಿನ ವಿಳಾಸ 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಕಂಪನಿಯ ಹಂಚಿಕೆ ವಿಳಾಸದ ಹಿಂದಿದ್ದೀರಿ, ಐಪಿವಿ4ನಲ್ಲಿ ಹೊರಗಿನವರು ನೇರವಾಗಿ ನಿಮ್ಮನ್ನು ಮುಟ್ಟಲಾರರು. ಅದೇ ಕಂಪನಿಯ ಪಕ್ಕದ ಬೀದಿಯವರು ಮುಟ್ಟಬಹುದು.

ಮತ್ತೆ ಪರೀಕ್ಷೆ

ಹಂತ 2 ಅನ್ನು ಮೂರು ತಿಂಗಳಿಗೊಮ್ಮೆ ಮಾಡಿ. ಕನ್ಸೋಲ್‌ನ ವೇಗ, ಪರಿವರ್ತಕ ಇಟ್ಟಿರುವ ಜಾಗ, ಕೊನೆಯ ಪರೀಕ್ಷೆಯ ದಿನಾಂಕ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ರ‍್ಯಾಕ್‌ನ ಬಾಗಿಲ ಒಳಗೆ ಅಂಟಿಸಿ, ಪಾಸ್‌ವರ್ಡ್ ಬೇಡ. ಕಳೆದ ಸಲ ನಾನು ಮೊಬೈಲ್ ಡೇಟಾದಿಂದ ನೋಡಿದಾಗ 23 ಮತ್ತೆ ‘ಓಪನ್’ ಎಂದಿತು. ಎರಡು ವಾರದ ಹಿಂದೆ ವಿದ್ಯುತ್ ಏರುಪೇರಿಗೆ ರೂಟರ್ ಸುಟ್ಟು, ಬದಲಿ ಯಂತ್ರಕ್ಕೆ ಬ್ಯಾಕಪ್ ಕಾನ್ಫಿಗರೇಷನ್ ಹಾಕಿದ್ದೆವು. ಕಡತದ ದಿನಾಂಕ ನೋಡಿದೆ: ಆ ಶನಿವಾರ ರಾತ್ರಿಗಿಂತ ಹಿಂದಿನದು.